ಮನೆಯ ಇಂಕ್‌ಜೆಟ್‌ನಲ್ಲಿ ಕಪ್ಪು-ಬಿಳುಪು ಫೋಟೊ ಪ್ರಿಂಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಕ್ರೀನ್ ಮೇಲೆ ಮುದ್ದಾಗಿ ಕಾಣುತ್ತಿದ್ದ ಕಪ್ಪು-ಬಿಳುಪು ಫೋಟೊ ಪೇಪರ್ ಮೇಲೆ ಮಂಕಾಗಿ ಬರುತ್ತದೆ, ಇಲ್ಲವೇ ಹಸಿರಿಗೋ ನೇರಳೆಗೋ ತಿರುಗುತ್ತದೆ. ಮನೆಯಲ್ಲಿ ಪ್ರಿಂಟ್ ಹಾಕುವವರ ದೊಡ್ಡ ದೂರು ಇದೇ. ಇದಕ್ಕೆಲ್ಲ ಕಾರಣಗಳಿವೆ, ದಾರಿಗಳೂ ಇವೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಕಪ್ಪು-ಬಿಳುಪು ಪ್ರಿಂಟ್ ತಯಾರಾಗುವುದು ಪೇಪರ್ ಮೇಲೆ. ಸ್ಕ್ರೀನ್ ನೋಡಿ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಸಣ್ಣ ತುಂಡಿನ ಮೇಲೆ ಹಾಕಿ ನೋಡಿ, ತಿದ್ದಿ, ಮತ್ತೆ ಹಾಕಿ.

ಫೋಟೊದಲ್ಲಿ ಬಣ್ಣವೇ ಇಲ್ಲ. ಪ್ರಿಂಟ್‌ನಲ್ಲಿ ಹಸಿರು, ನೇರಳೆ ಎಲ್ಲಿಂದ ಬರುತ್ತದೆ?

ಸಾಮಾನ್ಯ ಪ್ರಿಂಟರ್‌ನಲ್ಲಿ ಬೂದು ಬಣ್ಣದ ಇಂಕ್ ಇರುವುದಿಲ್ಲ. ತಿಳಿ ಬೂದು ಬೇಕಾದಾಗ ಅದು ಸಯಾನ್, ಮೆಜೆಂಟಾ, ಹಳದಿ ಮೂರನ್ನೂ ಸಣ್ಣ ಸಣ್ಣ ಚುಕ್ಕೆಗಳಾಗಿ ಹಾಕಿ ಬೂದು ಕಾಣುವಂತೆ ಮಾಡುತ್ತದೆ. ಈ ಮೂರರಲ್ಲಿ ಒಂದು ಸ್ವಲ್ಪ ಜಾಸ್ತಿಯಾದರೂ ಸಾಕು, ನಮ್ಮ ಕಣ್ಣು ಹಿಡಿದುಬಿಡುತ್ತದೆ. ಬಣ್ಣದ ಫೋಟೊದಲ್ಲಿ ಅಷ್ಟು ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಬೂದು ಬಣ್ಣದಲ್ಲಿ ಅಡಗಿಕೊಳ್ಳಲು ಅದಕ್ಕೆ ಜಾಗವಿಲ್ಲ.

ಇನ್ನೊಂದು ತೊಂದರೆ ಬೆಳಕಿನದು. ಹೀಗೆ ಬಣ್ಣ ಬೆರೆಸಿ ಮಾಡಿದ ಬೂದು ಒಂದೊಂದು ಬೆಳಕಿನಲ್ಲಿ ಒಂದೊಂದು ರೀತಿ ಕಾಣುತ್ತದೆ. ಕಿಟಕಿ ಪಕ್ಕ ಸರಿಯಾಗಿದ್ದ ಪ್ರಿಂಟ್ ಟ್ಯೂಬ್‌ಲೈಟ್ ಕೆಳಗೆ ಹಸಿರಾಗಬಹುದು, ಹಳದಿ ಬಲ್ಬ್ ಕೆಳಗೆ ಕೆಂಪಗಾಗಬಹುದು. ಪ್ರಿಂಟ್ ಹಾಕುವಾಗ ಬಣ್ಣದ ಇಂಕ್ ಎಷ್ಟು ಕಡಿಮೆ ಬಳಕೆಯಾಗುತ್ತದೋ ಈ ತೊಂದರೆ ಅಷ್ಟು ಕಡಿಮೆ.

ಹಾಗಾದರೆ ಯಾವ ಪ್ರಿಂಟರ್ ತಗೊಳ್ಳಲಿ?

ಎಷ್ಟು ಕಪ್ಪು ಮತ್ತು ಬೂದು ಇಂಕ್‌ಗಳಿವೆ ಎಂದು ಮೊದಲು ನೋಡಿ. ಒಟ್ಟು ಎಷ್ಟು ಬಣ್ಣ ಎಂಬುದು ಆಮೇಲೆ. ಆರು ಬಣ್ಣದ ಟ್ಯಾಂಕ್ ಪ್ರಿಂಟರ್ ಅಂದ ಮಾತ್ರಕ್ಕೆ ಬೂದು ಇರುತ್ತದೆ ಅಂತೇನಿಲ್ಲ. ಎಪ್ಸನ್‌ನ ಎಲ್8050, ಎಲ್18050ರಲ್ಲಿ ಹೆಚ್ಚಿನ ಎರಡು ಇಂಕ್‌ಗಳು ತಿಳಿ ಸಯಾನ್ ಮತ್ತು ತಿಳಿ ಮೆಜೆಂಟಾ. ಬಣ್ಣದ ಫೋಟೊಗೆ ಬಹಳ ಒಳ್ಳೆಯವು, ಆದರೆ ಬೂದು ಇಲ್ಲ. ಅದೇ ಕಂಪನಿಯ ಎಲ್8160 ಮತ್ತು ಎ3+ ಅಳತೆಯ ಎಲ್8180ರಲ್ಲಿ ಒಂದು ಪಿಗ್ಮೆಂಟ್ (ಕರಗದ ಕಣಗಳ) ಕಪ್ಪು, ಒಂದು ಫೋಟೊ ಕಪ್ಪು, ಒಂದು ಬೂದು ಇವೆ. ಕೆನಾನ್‌ನ ಟ್ಯಾಂಕ್ ಪ್ರಿಂಟರ್‌ಗಳಲ್ಲಿ ಜಿ570, ಜಿ670ಗೆ ಬೂದು ಇಂಕ್ ಇದೆ. ಮನೆಯ ಕೆಲಸಕ್ಕೆ, ಹೆಚ್ಚು ಖರ್ಚಿಲ್ಲದೆ ಕಪ್ಪು-ಬಿಳುಪು ಹಾಕಬೇಕೆನ್ನುವವರಿಗೆ ನಾನು ಹೇಳುವುದು ಬೂದು ಇರುವ ಈ ನಾಲ್ಕನ್ನೇ.

ಪ್ರದರ್ಶನಕ್ಕೆ ಹಾಕಬೇಕು, ಮಾರಬೇಕು ಅನ್ನುವವರು ಪಿಗ್ಮೆಂಟ್ ಪ್ರಿಂಟರ್‌ಗೇ ಹೋಗಬೇಕು: ಎಪ್ಸನ್ ಶ್ಯೂರ್‌ಕಲರ್ ಪಿ700 ಅಥವಾ ಪಿ900, ಕೆನಾನ್ ಇಮೇಜ್‌ಪ್ರೊಗ್ರಾಫ್ ಪ್ರೊ-300 ಅಥವಾ ಪ್ರೊ-1000. 2005ರಲ್ಲಿ ಎಪ್ಸನ್ ಮೂರು ಹಂತದ ಕಪ್ಪು ಇರುವ ಕೆ3 ಇಂಕ್‌ಗಳನ್ನು ತಂದಿತು. ಅದರ ಜೊತೆಗೆ ಡ್ರೈವರ್‌ನಲ್ಲೇ (ಕಂಪ್ಯೂಟರ್‌ನಿಂದ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಕಪ್ಪು-ಬಿಳುಪಿಗೆ ಬೇರೆ ಮೋಡ್ ಕೊಟ್ಟಿತು. ಗಾಢ ಕಪ್ಪು, ತಿಳಿ ಕಪ್ಪು, ಇನ್ನೂ ತಿಳಿ ಕಪ್ಪು, ಈ ಮೂರರಿಂದಲೇ ಬಹುಪಾಲು ಫೋಟೊ ಮೂಡುತ್ತದೆ. ಬಣ್ಣದ ಇಂಕ್ ಚೂರೇ ಚೂರು, ಛಾಯೆ ಸರಿದೂಗಿಸಲು ಮಾತ್ರ.

ನನ್ನ ಹತ್ತಿರ ಇರುವುದು ನಾಲ್ಕು ಬಣ್ಣದ ಪ್ರಿಂಟರ್. ಸುಮ್ನೆ ಬಿಟ್ಟುಬಿಡಲಾ?

ಬೇಡ. ಎರಡು ದಾರಿ ಇವೆ. ಒಂದು, ಡ್ರೈವರ್‌ನಲ್ಲಿ ಗ್ರೇಸ್ಕೇಲ್ ಆರಿಸಿ, ಪೇಪರ್ ಪ್ಲೇನ್ ಎಂದು ಕೊಟ್ಟು, ಕಪ್ಪು ಇಂಕ್ ಒಂದರಲ್ಲೇ ಹಾಕುವುದು. ಹೆಚ್ಚಿನ ಪ್ರಿಂಟರ್‌ಗಳು ಆಗ ಬಣ್ಣ ಮುಟ್ಟುವುದಿಲ್ಲ. ಛಾಯೆ ಬರುವುದಿಲ್ಲ, ಬೆಳಕು ಬದಲಾದರೂ ಪ್ರಿಂಟ್ ಬದಲಾಗುವುದಿಲ್ಲ. ಆದರೆ ಆಕಾಶ, ಕೆನ್ನೆ, ಬಿಳಿ ಗೋಡೆಯಂಥ ತಿಳಿ ಜಾಗದಲ್ಲಿ ಚುಕ್ಕೆಗಳು ಕಾಣುತ್ತವೆ. ಹೊಳಪಿಲ್ಲದ ಮ್ಯಾಟ್ ಪೇಪರ್ ಮೇಲೆ, ಗಟ್ಟಿ ಕಾಂಟ್ರಾಸ್ಟ್ ಇರುವ ಫೋಟೊಗೆ ಈ ಚುಕ್ಕೆಗಳು ಹಳೆಯ ಫಿಲ್ಮ್‌ನ ಕಾಳಿನ (ಗ್ರೇನ್) ಹಾಗೆ ಚೆನ್ನಾಗಿಯೇ ಕಾಣುತ್ತವೆ. ಮಂಜು ಕವಿದ ಬೆಟ್ಟದ ಫೋಟೊಗೆ ಮಾತ್ರ ಒಗ್ಗುವುದಿಲ್ಲ.

ಇನ್ನೊಂದು, ಬಣ್ಣದ ಮೋಡ್‌ನಲ್ಲೇ ಹಾಕಿ, ಇಡೀ ಫೋಟೊಗೆ ಬೇಕೆಂತಲೇ ಸ್ವಲ್ಪ ಕಂದು ಛಾಯೆ ಕೊಡುವುದು. ಬೆಚ್ಚಗಿನ ಛಾಯೆ ಮೊದಲೇ ಇದ್ದರೆ ಸಣ್ಣ ಏರುಪೇರು ಕಣ್ಣಿಗೆ ಹೊಡೆಯುವುದಿಲ್ಲ.

ಡೈ ಇಂಕ್ ಒಳ್ಳೆಯದಾ, ಪಿಗ್ಮೆಂಟ್ ಒಳ್ಳೆಯದಾ?

ಡೈ ಇಂಕ್ ಅಂದರೆ ನೀರಿನಲ್ಲಿ ಕರಗಿದ ಬಣ್ಣ. ಪೇಪರ್‌ನ ಒಳಗೆ ಇಳಿಯುತ್ತದೆ, ಗ್ಲಾಸಿ ಪೇಪರ್ ಮೇಲೆ ಮಿರಮಿರ ಮಿಂಚುತ್ತದೆ. ಪಿಗ್ಮೆಂಟ್ ಅಂದರೆ ಕರಗದ ಸಣ್ಣ ಕಣಗಳು. ಪೇಪರ್‌ನ ಮೇಲ್ಪದರದಲ್ಲೇ ಕೂರುತ್ತವೆ. ಬಾಳಿಕೆಯಲ್ಲಿ ಪಿಗ್ಮೆಂಟ್ ಮುಂದು. ಅದರಲ್ಲೂ ಕಪ್ಪು ಪಿಗ್ಮೆಂಟ್‌ನಲ್ಲಿ ಇರುವುದು ಇಂಗಾಲ. ನಮ್ಮ ತಾಳೆಗರಿ ಗ್ರಂಥಗಳಲ್ಲಿ ಕಂಟದಿಂದ ಕೊರೆದ ಅಕ್ಷರಕ್ಕೆ ದೀಪದ ಕಾಡಿಗೆ ತಿಕ್ಕುತ್ತಿದ್ದರು. ಅದೂ ಇಂಗಾಲವೇ. ಶತಮಾನಗಳು ಕಳೆದರೂ ಅಕ್ಷರ ಕಪ್ಪಗೇ ಇವೆ.

ಡೈ ಪ್ರಿಂಟ್‌ಗೆ ಬಿಸಿಲು ಮತ್ತು ಗಾಳಿಯ ಓಝೋನ್ ಎರಡೂ ಶತ್ರು. ಮೂರು ಬಣ್ಣಗಳು ಒಂದೇ ವೇಗದಲ್ಲಿ ಮಾಸುವುದಿಲ್ಲವಾದ್ದರಿಂದ ಬೂದು ನಿಧಾನಕ್ಕೆ ಬೇರೆ ಬಣ್ಣಕ್ಕೆ ತಿರುಗುತ್ತದೆ. ಆಲ್ಬಮ್‌ನಲ್ಲಿ ಇಟ್ಟರೆ, ಗಾಜು ಹಾಕಿದ ಫ್ರೇಮ್‌ನಲ್ಲಿ ಬಿಸಿಲು ಬೀಳದ ಗೋಡೆ ಮೇಲೆ ಹಾಕಿದರೆ ಡೈ ಪ್ರಿಂಟ್ ಕೂಡ ಬಹಳ ಕಾಲ ಚೆನ್ನಾಗಿರುತ್ತದೆ.

ಡೈ ಪ್ರಿಂಟರ್‌ಗೆ ಅಂಗಡಿಯವರು ಕೊಡುವ ಪಿಗ್ಮೆಂಟ್ ಇಂಕ್ ತುಂಬುವ ರೂಢಿ ಕೆಲವರಲ್ಲಿದೆ. ಇಂಕ್ ಸಿಂಪಡಿಸುವ ಹೆಡ್ ಕಟ್ಟಿಕೊಳ್ಳುವ ಅಪಾಯ ಹೆಚ್ಚು, ಡ್ರೈವರ್‌ನ ಲೆಕ್ಕಾಚಾರವೂ ತಪ್ಪುತ್ತದೆ. ನಾನು ಬೇಡ ಅನ್ನುತ್ತೇನೆ.

ಪೇಪರ್‌ನಿಂದ ಅಷ್ಟೊಂದು ವ್ಯತ್ಯಾಸ ಆಗುತ್ತಾ?

ಪ್ರಿಂಟರ್ ಬದಲಿಸುವುದಕ್ಕಿಂತ ಜಾಸ್ತಿ ಆಗುತ್ತದೆ. ಮೊದಲು ಕಪ್ಪಿನ ಆಳ ನೋಡಿ. ಡೆನ್ಸಿಟೊಮೀಟರ್‌ನಲ್ಲಿ (ಕಪ್ಪಿನ ಗಾಢತೆ ಅಳೆಯುವ ಉಪಕರಣ) ಅಳೆದರೆ ಒಳ್ಳೆಯ ಮ್ಯಾಟ್ ಪೇಪರ್‌ನ ಕಪ್ಪು ಸುಮಾರು 1.6ರಿಂದ 1.7ರಷ್ಟು ಬರುತ್ತದೆ. ಬೇರಿಯಂ ಸಲ್ಫೇಟ್ ಲೇಪದ ಒಳ್ಳೆಯ ಬ್ಯಾರೈಟಾ ಪೇಪರ್‌ನಲ್ಲಿ 2.2 ದಾಟುತ್ತದೆ. ಅಂಕಿ ಸಣ್ಣದಾಗಿ ಕಂಡರೂ, ಬ್ಯಾರೈಟಾದ ಕಪ್ಪು ಹಿಂದಕ್ಕೆ ಕೊಡುವ ಬೆಳಕು ಮ್ಯಾಟ್‌ನ ಕಪ್ಪಿನ ಕಾಲು ಭಾಗದಷ್ಟೇ. ರಾತ್ರಿಯ ಬೀದಿ, ದೀಪದ ಬೆಳಕಿನ ಯಕ್ಷಗಾನ, ಕರಿಕಲ್ಲಿನ ಶಿಲ್ಪ ಇಂಥವಕ್ಕೆ ಬ್ಯಾರೈಟಾ ಅಥವಾ ಸೆಮಿ-ಗ್ಲಾಸ್ ಚೆನ್ನ. ಮುಖದ ಫೋಟೊ, ಮಂಜು, ಹಳೆಯ ಮನೆಯ ಪಡಸಾಲೆ ಇಂಥ ಮೆದು ಬೆಳಕಿಗೆ ಹತ್ತಿಯ ಮ್ಯಾಟ್ ಪೇಪರ್ ತುಂಬ ಸೊಗಸು.

ಹಾನೆಮ್ಯೂಲೆ ಫೋಟೊ ರ‍್ಯಾಗ್ 308 ಜಿಎಸ್‌ಎಂ ಪೂರ್ತಿ ಹತ್ತಿಯದು, ಮ್ಯಾಟ್ ಪೇಪರ್‌ಗಳಲ್ಲಿ ಎಲ್ಲರೂ ಹೋಲಿಸಿ ನೋಡುವುದು ಇದನ್ನೇ. ಕ್ಯಾನ್ಸನ್‌ನ ಬ್ಯಾರೈಟಾ ಫೋಟೊಗ್ರಾಫಿಕ್ ಕೈಯಲ್ಲಿ ಹಿಡಿದರೆ ಫಿಲ್ಮ್‌ನಿಂದ ಕತ್ತಲೆ ಕೋಣೆಯಲ್ಲಿ ಮಾಡುವ ಡಾರ್ಕ್‌ರೂಮ್ ಪ್ರಿಂಟ್ ಹಿಡಿದ ಹಾಗೇ ಅನ್ನಿಸುತ್ತದೆ. ಇವು ದುಬಾರಿ. ಕಲಿಯುವಾಗ ಪ್ರಿಂಟರ್ ಕಂಪನಿಯದೇ ಸೆಮಿ-ಗ್ಲಾಸ್ ಮತ್ತು ಮ್ಯಾಟ್ ಪೇಪರ್ ಸಾಕು. ಒಂದೇ ಪೇಪರನ್ನು ತಿಂಗಳುಗಟ್ಟಲೆ ಬಳಸಿ, ಅದರ ಗುಣ ಕೈಗೆ ಹತ್ತಲಿ. ಪ್ರತಿ ಸಲ ಹೊಸ ಪೇಪರ್ ಹಾಕಿದರೆ ತಪ್ಪು ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ.

ಹಾಲಿನಂತೆ ಬೆಳ್ಳಗಿರುವ ಪೇಪರ್‌ಗಳಲ್ಲಿ ಸಾಮಾನ್ಯವಾಗಿ ಹೊಳಪು ಕೊಡುವ ರಾಸಾಯನಿಕ ಇರುತ್ತದೆ. ವರ್ಷಗಳು ಕಳೆದಂತೆ ಅದು ಸೋತು ಪೇಪರ್ ಹಳದಿಯತ್ತ ತಿರುಗುತ್ತದೆ. ಬಹುಕಾಲ ಉಳಿಯಬೇಕಾದ ಪ್ರಿಂಟ್‌ಗೆ ಅದಿಲ್ಲದ, ಸ್ವಲ್ಪ ಕೆನೆ ಬಣ್ಣದ ಪೇಪರ್ ಆರಿಸಿ.

ಮ್ಯಾಟ್ ಪೇಪರ್‌ನ ಯಾವ ಬದಿಗೆ ಪ್ರಿಂಟ್ ಹಾಕಬೇಕು?

ಬೆರಳ ತುದಿ ಸ್ವಲ್ಪ ಒದ್ದೆ ಮಾಡಿ ಪೇಪರ್‌ನ ಒಂದು ಮೂಲೆ ಮುಟ್ಟಿ. ಅಂಟುವ ಬದಿಗೇ ಲೇಪ ಇರುವುದು. ಹತ್ತಿ ಪೇಪರ್ ಆದರೆ ಪ್ರಿಂಟರ್‌ಗೆ ಕೊಡುವ ಮೊದಲು ಮೆತ್ತನೆಯ ಅಗಲ ಬ್ರಷ್‌ನಿಂದ ಒಮ್ಮೆ ಗುಡಿಸಿ. ಮೇಲೆ ಕೂತ ಸಣ್ಣ ಎಳೆಯ ಮೇಲೆ ಇಂಕ್ ಬಿದ್ದು, ಆಮೇಲೆ ಆ ಎಳೆ ಉದುರಿದರೆ ಕಪ್ಪು ಜಾಗದಲ್ಲಿ ಬಿಳಿ ಚುಕ್ಕೆ ಉಳಿಯುತ್ತದೆ.

ಪ್ರಿಂಟ್ ಯಾವಾಗಲೂ ಸ್ಕ್ರೀನ್‌ಗಿಂತ ಕಪ್ಪಗೆ ಬರುತ್ತದೆ. ಏಕೆ?

ಹತ್ತಕ್ಕೆ ಒಂಬತ್ತು ಸಲ ತಪ್ಪು ಪ್ರಿಂಟರ್‌ನದಲ್ಲ, ಸ್ಕ್ರೀನ್‌ನದು. ಮಾನಿಟರ್‌ಗಳು ಅಂಗಡಿಯಿಂದ ಬರುವಾಗ ಬ್ರೈಟ್‌ನೆಸ್ ವಿಪರೀತ ಇರುತ್ತದೆ. ಪ್ರಿಂಟ್ ಕೆಲಸಕ್ಕೆ ಪ್ರತಿ ಚದರ ಮೀಟರ್‌ಗೆ 80ರಿಂದ 120 ಕ್ಯಾಂಡೆಲಾ ಸಾಕು. ಅಳೆಯುವ ಉಪಕರಣ ಇಲ್ಲದಿದ್ದರೆ ಹೀಗೆ ಮಾಡಿ. ಸ್ಕ್ರೀನ್ ಮೇಲೆ ಖಾಲಿ ಬಿಳಿ ಪುಟ ತೆರೆಯಿರಿ. ಪಕ್ಕದಲ್ಲಿ ನೀವು ಪ್ರಿಂಟ್ ಹಾಕುವ ಪೇಪರನ್ನು, ಪ್ರಿಂಟ್ ನೋಡುವ ಬೆಳಕಿನಲ್ಲೇ ಹಿಡಿಯಿರಿ. ಸ್ಕ್ರೀನ್‌ನ ಬಿಳಿ ಪೇಪರ್‌ನ ಬಿಳಿಗೆ ಹತ್ತಿರ ಬರುವವರೆಗೂ ಬ್ರೈಟ್‌ನೆಸ್ ಇಳಿಸಿ. ಮೊದಲೆರಡು ದಿನ ಮಬ್ಬು ಅನ್ನಿಸುತ್ತದೆ, ಆಮೇಲೆ ಕಣ್ಣು ಒಗ್ಗುತ್ತದೆ.

ಮೊಬೈಲ್‌ನಲ್ಲೇ ಎಡಿಟ್ ಮಾಡುವವರು ಕನಿಷ್ಠ ಆಟೊ ಬ್ರೈಟ್‌ನೆಸ್ ಆಫ್ ಮಾಡಿಕೊಳ್ಳಿ.

ಡ್ರೈವರ್ ಸೆಟ್ಟಿಂಗ್ ಯಾವುದು ಸರಿ?

ಬಣ್ಣದ ಉಸ್ತುವಾರಿ ಒಬ್ಬರಿಗೆ ಮಾತ್ರ ಕೊಡಿ. ಕಪ್ಪು-ಬಿಳುಪು ಮೋಡ್ ಬಳಸುವುದಾದರೆ ಫೋಟೊಶಾಪ್‌ನಲ್ಲಿ ಬಣ್ಣವನ್ನು ಪ್ರಿಂಟರ್ ನೋಡಿಕೊಳ್ಳಲಿ ಎಂದು ಆರಿಸಿ. ಆಮೇಲೆ ಡ್ರೈವರ್‌ಗೆ ಹೋಗಿ ಎಪ್ಸನ್ ಆದರೆ ಅಡ್ವಾನ್ಸ್ಡ್ ಬ್ಲ್ಯಾಕ್ ಅಂಡ್ ವೈಟ್, ಕೆನಾನ್ ಆದರೆ ಬ್ಲ್ಯಾಕ್ ಅಂಡ್ ವೈಟ್ ಫೋಟೊ ಆರಿಸಿ. ಐಸಿಸಿ ಪ್ರೊಫೈಲ್ (ಪ್ರಿಂಟರ್-ಪೇಪರ್ ಜೋಡಿಯ ಬಣ್ಣದ ವಿವರ ಇರುವ ಫೈಲ್) ಬಳಸುವುದಾದರೆ ಉಲ್ಟಾ: ಬಣ್ಣ ಫೋಟೊಶಾಪ್ ಕೈಯಲ್ಲಿ, ಡ್ರೈವರ್‌ನಲ್ಲಿ ಕಲರ್ ಅಡ್ಜಸ್ಟ್‌ಮೆಂಟ್ ಪೂರ್ತಿ ಆಫ್. ಎರಡೂ ಕಡೆ ಆನ್ ಇದ್ದರೆ ಒಂದೇ ಫೋಟೊವನ್ನು ಎರಡು ಸಲ ತಿದ್ದಿದಂತೆ. ಆಗ ಬರುವ ಕೆನ್ನೇರಳೆ ಛಾಯೆ ನೋಡಿದವರಿಗೇ ಗೊತ್ತು.

ಪೇಪರ್ ಯಾವುದೆಂದು ಸರಿಯಾಗಿ ಹೇಳುವುದನ್ನು ಮರೆಯಬೇಡಿ. ಎಷ್ಟು ಇಂಕ್ ಸುರಿಯಬೇಕು, ಗ್ಲಾಸಿಗೆ ಹೊಂದುವ ಫೋಟೊ ಕಪ್ಪು ಬೇಕೋ ಮ್ಯಾಟ್‌ಗೆ ಹೊಂದುವ ಮ್ಯಾಟ್ ಕಪ್ಪು ಬೇಕೋ ಎಂಬುದನ್ನು ಪ್ರಿಂಟರ್ ಅದರಿಂದಲೇ ತೀರ್ಮಾನಿಸುತ್ತದೆ. ಗ್ಲಾಸಿ ಪೇಪರ್ ಮೇಲೆ ಮ್ಯಾಟ್ ಕಪ್ಪು ಬಿದ್ದರೆ ಕೈಗೆ ಮಸಿಯಂತೆ ಅಂಟುತ್ತದೆ. ಎಪ್ಸನ್‌ನ ಹಲವು ಡ್ರೈವರ್‌ಗಳಲ್ಲಿ ಕಪ್ಪು-ಬಿಳುಪು ಮೋಡ್‌ನ ಟೋನ್ ಮೊದಲಿನಿಂದಲೇ 'ಡಾರ್ಕರ್' ಎಂದು ಇರುತ್ತದೆ. ಒಮ್ಮೆ ಅದರಲ್ಲಿ, ಒಮ್ಮೆ 'ನಾರ್ಮಲ್' ಇಟ್ಟು ಎರಡು ಸಣ್ಣ ಪ್ರಿಂಟ್ ಹಾಕಿ ಹೋಲಿಸಿ.

ಬಣ್ಣದ ಫೋಟೊವನ್ನು ಕಪ್ಪು-ಬಿಳುಪು ಮಾಡುವಾಗ ಗಮನಿಸಬೇಕಾದ್ದೇನು?

ಸ್ಯಾಚುರೇಶನ್ ಸೊನ್ನೆಗೆ ಇಳಿಸಿ ಕೈತೊಳೆದುಕೊಳ್ಳಬೇಡಿ. ಯಕ್ಷಗಾನದ ವೇಷದಲ್ಲಿ ಕೆಂಪು ಸೀರೆ, ಹಸಿರು ಅಂಚು ಕಣ್ಣಿಗೆ ಎಷ್ಟು ಬೇರೆ ಅಲ್ವಾ? ಹೊಳಪು ಒಂದೇ ಆಗಿದ್ದರೆ ಎರಡೂ ಒಂದೇ ಬೂದಾಗಿ ಬೆರೆತುಹೋಗುತ್ತವೆ. ಒಂದೊಂದು ಬಣ್ಣ ಎಷ್ಟು ಬೆಳಕಾಗಬೇಕು ಎಂದು ಹೇಳುವ ಸ್ಲೈಡರ್‌ಗಳು ಎಲ್ಲ ಒಳ್ಳೆಯ ಸಾಫ್ಟ್‌ವೇರ್‌ನಲ್ಲೂ ಇವೆ. ಕೆಂಪನ್ನು ಸ್ವಲ್ಪ ಮೇಲೆತ್ತಿ, ಹಸಿರನ್ನು ಇಳಿಸಿ ನೋಡಿ. ಅಂಚು ಬಿಡಿಸಿಕೊಂಡು ನಿಲ್ಲುತ್ತದೆ. ನಮ್ಮ ಮೈಬಣ್ಣಕ್ಕೆ ಕೆಂಪು ಮತ್ತು ಕಿತ್ತಳೆ ಸ್ಲೈಡರ್‌ಗಳೇ ಮುಖ್ಯ. ಅವನ್ನು ಅತಿಯಾಗಿ ಏರಿಸಿದರೆ ಮುಖ ಸುಣ್ಣ ಬಳಿದಂತಾಗುತ್ತದೆ. ಕಪ್ಪು ಮೈಬಣ್ಣವನ್ನು ಕಪ್ಪಾಗಿಯೇ, ಮಿನುಗು ಉಳಿಸಿಕೊಂಡು ತೋರಿಸುವುದು ಕಪ್ಪು-ಬಿಳುಪಿನ ದೊಡ್ಡ ಶಕ್ತಿ. ಅದನ್ನು ಬೆಳ್ಳಗೆ ಮಾಡಿ ಕೆಡಿಸಬೇಡಿ.

ಎಡಿಟ್ ಮಾಡುವಾಗ 16-ಬಿಟ್‌ನಲ್ಲಿ ಇರಿ. 8-ಬಿಟ್ ಗ್ರೇಸ್ಕೇಲ್‌ನಲ್ಲಿ ಒಟ್ಟು 256 ಮೆಟ್ಟಿಲು ಮಾತ್ರ. ಅವನ್ನು ಎಳೆದಾಡಿದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಬೀಳುತ್ತದೆ.

ನೆರಳಿನ ಜಾಗವೆಲ್ಲ ಒಂದೇ ಕಪ್ಪು ಮುದ್ದೆಯಾಗುತ್ತದೆ. ಏನು ಮಾಡಲಿ?

ನಿಮ್ಮ ಪ್ರಿಂಟರ್ ಮತ್ತು ಪೇಪರ್ ಜೋಡಿ ಎಷ್ಟರವರೆಗೆ ಬಿಡಿಸಿ ತೋರಿಸಬಲ್ಲದು ಎಂದು ಮೊದಲು ತಿಳಿದುಕೊಳ್ಳಿ. ಒಂದು ಫೈಲ್‌ನಲ್ಲಿ ಸಾಲಾಗಿ ಹನ್ನೊಂದು ಚೌಕ ಮಾಡಿ. ಮೊದಲನೆಯದರ ಬಣ್ಣದ ಅಂಕಿ 0 (0 ಅಂದರೆ ಪೂರ್ತಿ ಕಪ್ಪು, 255 ಪೂರ್ತಿ ಬಿಳಿ), ಆಮೇಲೆ 5, 10, 15 ಹೀಗೆ 50ರ ತನಕ. ಕೆಳಗೆ ಇನ್ನೊಂದು ಸಾಲು, 205ರಿಂದ 255ರ ತನಕ. ನೀವು ಬಳಸುವ ಪೇಪರ್ ಮೇಲೆ, ಬಳಸುವ ಸೆಟ್ಟಿಂಗ್‌ನಲ್ಲೇ ಪ್ರಿಂಟ್ ಹಾಕಿ, ಒಣಗಲು ಬಿಟ್ಟು, ಕಿಟಕಿ ಬೆಳಕಿನಲ್ಲಿ ನೋಡಿ.

ಮ್ಯಾಟ್ ಪೇಪರ್‌ನಲ್ಲಿ ಮೊದಲ ಎರಡು-ಮೂರು ಚೌಕ ಒಂದೇ ಕಪ್ಪಾಗಿ ಕಾಣಬಹುದು. 0 ಮತ್ತು 10 ಒಂದೇ, 15ರಿಂದ ಬೇರೆಯಾಗುತ್ತದೆ ಅಂದುಕೊಳ್ಳಿ. ಆಗ ಎಡಿಟ್ ಸಾಫ್ಟ್‌ವೇರ್‌ನಲ್ಲಿ ಕಪ್ಪು-ಬಿಳಿಯ ಮಿತಿ ಹೊಂದಿಸುವ ಲೆವೆಲ್ಸ್‌ಗೆ ಹೋಗಿ ಔಟ್‌ಪುಟ್‌ನ ಕಪ್ಪನ್ನು 0ಯಿಂದ 10ಕ್ಕೆ ಏರಿಸಿ. ಹೇಗೂ 10 ಕೂಡ ಪೂರ್ತಿ ಕಪ್ಪಾಗಿಯೇ ಬರುತ್ತದೆ, ಹಾಗಾಗಿ ಕಪ್ಪಿನ ಆಳ ಕಳೆಯುವುದಿಲ್ಲ. ಆದರೆ ಅದಕ್ಕಿಂತ ಮೇಲಿನ ನೆರಳು, ಅಂದರೆ ಕೂದಲಿನ ಎಳೆ, ಕಪ್ಪು ಸೀರೆಯ ನೆರಿಗೆ, ಕಂಬದ ಕೆತ್ತನೆ, ಎಲ್ಲ ಹೊರಗೆ ಬರುತ್ತವೆ. ಬೆಳಕಿನ ಸಾಲಿನಲ್ಲೂ ಹೀಗೇ ನೋಡಿ. 250 ಮತ್ತು 255 ಒಂದೇ ಬಿಳಿಯಾಗಿ ಕಂಡರೆ ಔಟ್‌ಪುಟ್‌ನ ಬಿಳಿಯನ್ನು ಸ್ವಲ್ಪ ಇಳಿಸಿ.

ಇದಾದ ಮೇಲೆ ಫೋಟೊದ ಮುಖ್ಯ ಜಾಗವನ್ನು, ಮುಖ ಮತ್ತು ಕೂದಲು ಎರಡೂ ಇರುವ ಎರಡಿಂಚಿನ ಪಟ್ಟಿಯನ್ನು ಕತ್ತರಿಸಿ ತೆಗೆಯಿರಿ. ಅದನ್ನೇ ಮೂರು ಬಗೆಯಲ್ಲಿ, ಇದ್ದಂತೆ, ಸ್ವಲ್ಪ ತಿಳಿಯಾಗಿ, ಇನ್ನೂ ತಿಳಿಯಾಗಿ ಒಂದೇ ತುಂಡು ಪೇಪರ್ ಮೇಲೆ ಹಾಕಿ. ಹಿಂದುಗಡೆ ಪೆನ್ಸಿಲ್‌ನಲ್ಲಿ ಸೆಟ್ಟಿಂಗ್ ಬರೆದಿಡಿ. ಪ್ರಿಂಟ್ ತೂಗುಹಾಕುವ ಗೋಡೆಯ ಮುಂದೆ ಹಿಡಿದು ಆರಿಸಿ. ಎ3 ಹಾಳೆ ಹಾಳು ಮಾಡುವುದಕ್ಕಿಂತ ಇದು ಎಷ್ಟೋ ಮೇಲು. ಡಾರ್ಕ್‌ರೂಮ್‌ನಲ್ಲಿ ಟೆಸ್ಟ್ ಸ್ಟ್ರಿಪ್ ಅಂತ ಮಾಡುತ್ತಿದ್ದುದೂ ಇದನ್ನೇ.

ಎಷ್ಟು ಮೆಗಾಪಿಕ್ಸೆಲ್ ಬೇಕು?

ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಿಡಿಯಿರಿ. 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೊ ಎ4ಗೆ ಆರಾಮ ಸಾಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ, ಅಂದರೆ 6000×4000 ಪಿಕ್ಸೆಲ್, ಎ3+ ತನಕ ಸಾಕು. ಶಾರ್ಪ್ ಮಾಡುವುದನ್ನು ಅಳತೆ ಹೊಂದಿಸಿದ ಮೇಲೆ ಕೊನೆಯಲ್ಲಿ ಮಾಡಿ. ಮ್ಯಾಟ್ ಪೇಪರ್‌ನಲ್ಲಿ ಇಂಕ್ ಸ್ವಲ್ಪ ಹರಡುವುದರಿಂದ ಅದಕ್ಕೆ ಸ್ವಲ್ಪ ಜಾಸ್ತಿ ಶಾರ್ಪ್ ಬೇಕು.

ಅಜ್ಜ-ಅಜ್ಜಿಯ ಹಳೆಯ ಮದುವೆ ಫೋಟೊ ಇದೆ, ಕಲೆ ಬಿದ್ದಿದೆ. ಅದರಿಂದ ಹೊಸ ಪ್ರಿಂಟ್ ಹಾಕಬಹುದಾ?

ಖಂಡಿತ. ಕಪ್ಪು-ಬಿಳುಪು ಫೋಟೊ ಆದರೂ ಬಣ್ಣದ ಮೋಡ್‌ನಲ್ಲೇ ಸ್ಕ್ಯಾನ್ ಮಾಡಿ. ಆಮೇಲೆ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಹಳದಿ, ಕಂದು ಕಲೆಗಳು ನೀಲಿ ಚಾನೆಲ್‌ನಲ್ಲಿ ಕಪ್ಪಗೆ ಎದ್ದು ಕಾಣುತ್ತವೆ. ಕೆಂಪು ಚಾನೆಲ್‌ನಲ್ಲಿ ಹೆಚ್ಚುಕಡಿಮೆ ಮಾಯ. ಆ ಕೆಂಪು ಚಾನೆಲ್ ಒಂದನ್ನೇ ಉಳಿಸಿಕೊಂಡರೆ ಗಂಟೆಗಟ್ಟಲೆ ಕಲೆ ತೆಗೆಯುವ ಕೆಲಸ ತಪ್ಪುತ್ತದೆ. ಯಾರೋ ನೀಲಿ ಪೆನ್ನಿನಲ್ಲಿ ಗೀಚಿದ್ದರೆ ಉಲ್ಟಾ, ನೀಲಿ ಚಾನೆಲ್ ನೋಡಿ.

ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ಮಾಸಿದ ಫೋಟೊಗೆ ಕಾಂಟ್ರಾಸ್ಟ್ ವಾಪಸ್ ಕೊಡಿ, ಆದರೆ ಅಜ್ಜಿಯ ಮುಖದ ಸುಕ್ಕು ಒರೆಸುವ ಆ್ಯಪ್‌ಗಳಿಗೆ ಕೊಡಬೇಡಿ. ಅವು ಬೇರೆ ಯಾರದೋ ಮುಖ ಮಾಡಿ ಕೊಡುತ್ತವೆ.

ಕ್ವಾಡ್‌ಟೋನ್ ರಿಪ್, ಪೀಝೋಗ್ರಫಿ ಅಂತ ಕೇಳಿದ್ದೇನೆ. ಅವು ನನಗೆ ಬೇಕಾ?

ಮೊದಲ ವರ್ಷ ಬೇಡ. ಕ್ವಾಡ್‌ಟೋನ್ ರಿಪ್ ಎಂಬುದು ರಾಯ್ ಹ್ಯಾರಿಂಗ್ಟನ್ ಬರೆದ ಸಾಫ್ಟ್‌ವೇರ್. ಮುಖ್ಯವಾಗಿ ಎಪ್ಸನ್ ಫೋಟೊ ಪ್ರಿಂಟರ್‌ಗಳಿಗೆ. ಡ್ರೈವರ್ ಬದಲು ಅದನ್ನು ಬಳಸಿದರೆ ಯಾವ ಇಂಕ್ ಎಷ್ಟು ಬೀಳಬೇಕೆಂದು ನಾವೇ ಹೇಳಬಹುದು. ಪೀಝೋಗ್ರಫಿ ಅಮೆರಿಕದ ವರ್ಮಾಂಟ್‌ನ ಜಾನ್ ಕೋನ್ ಬೆಳೆಸಿದ ಪದ್ಧತಿ. ಬಣ್ಣದ ಇಂಕ್‌ಗಳನ್ನೇ ತೆಗೆದು, ಎಲ್ಲ ಜಾಗಕ್ಕೂ ಬೇರೆ ಬೇರೆ ಹಂತದ ಬೂದು ತುಂಬುವುದು. ತಿಳಿ ಬೆಳಕಿನಿಂದ ಕಪ್ಪಿನವರೆಗೆ ಅದರಲ್ಲಿ ಬರುವ ಇಳಿಜಾರು ನಿಜಕ್ಕೂ ನೋಡುವಂಥದ್ದು. ಆದರೆ ಆ ಪ್ರಿಂಟರ್ ಮತ್ತೆ ಬಣ್ಣದ ಕೆಲಸಕ್ಕೆ ಬರುವುದಿಲ್ಲ.

ಪ್ರಿಂಟ್‌ನಲ್ಲಿ ಅಡ್ಡ ಗೆರೆ ಬೀಳುತ್ತಿದೆ.

ನಾಝಲ್ (ಇಂಕ್ ಹೊರಬರುವ ಸಣ್ಣ ರಂಧ್ರ) ಚೆಕ್ ಪ್ರಿಂಟ್ ಹಾಕಿ. ಅದರಲ್ಲಿ ಗೆರೆ ತುಂಡಾಗಿದ್ದರೆ ಒಮ್ಮೆ ಕ್ಲೀನಿಂಗ್ ಮಾಡಿ. ಮತ್ತೂ ಹೋಗದಿದ್ದರೆ ಕೆಲವು ಗಂಟೆ ಬಿಟ್ಟು ಮತ್ತೊಮ್ಮೆ. ಒಂದರ ಮೇಲೊಂದು ಕ್ಲೀನಿಂಗ್ ಮಾಡಿದರೆ ಇಂಕ್ ಖಾಲಿ, ಹೊರಚೆಲ್ಲಿದ ಇಂಕ್ ಹೀರುವ ವೇಸ್ಟ್ ಪ್ಯಾಡ್ ಭರ್ತಿ. ವಾರಕ್ಕೊಮ್ಮೆ ಒಂದು ಸಣ್ಣ ಫೋಟೊ ಹಾಕುವವರಿಗೆ ಈ ಕಾಟವೇ ಕಡಿಮೆ. ಪ್ರಿಂಟರ್‌ನ ಬಟನ್‌ನಿಂದಲೇ ಆಫ್ ಮಾಡಿ, ಗೋಡೆಯ ಸ್ವಿಚ್ ಆಮೇಲೆ. ಬಟನ್ ಒತ್ತಿದಾಗಲೇ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಿಕೊಳ್ಳುವುದು. ಕರೆಂಟ್ ಪದೇ ಪದೇ ಹೋಗುವ ಊರಾದರೆ ಸಣ್ಣ ಯುಪಿಎಸ್ ಇಡಿ.

ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಏನು ಎಚ್ಚರಿಕೆ?

ಪೇಪರ್ ಥಂಡಿ ಹೀರಿ ಸುರುಳಿ ಸುತ್ತುತ್ತದೆ, ಹೆಡ್‌ಗೆ ತಾಗಿ ಅಂಚಿನಲ್ಲಿ ಮಸಿ ಬಳಿಯುತ್ತದೆ. ಬೇಕಾದ ಹಾಳೆ ಮಾತ್ರ ಹೊರಗೆ ತೆಗೆದು, ಉಳಿದದ್ದನ್ನು ಅದರ ಪ್ಲಾಸ್ಟಿಕ್ ಕವರ್‌ಗೇ ಹಾಕಿ, ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಒಣಗಲೂ ಹೆಚ್ಚು ಹೊತ್ತು ಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಉಲ್ಟಾ, ಒಣಗಾಳಿಗೆ ನಾಝಲ್ ಕಟ್ಟುತ್ತದೆ, ಧೂಳು ಬೀಳುತ್ತದೆ. ಪ್ರಿಂಟರ್ ಮೇಲೆ ಬಟ್ಟೆ ಹೊದಿಸಿ.

ಸ್ಟುಡಿಯೊ ಲ್ಯಾಬ್‌ನಲ್ಲೇ ಹಾಕಿಸಿದರೆ ಆಗಲ್ವಾ?

ಆಗುತ್ತದೆ, ಆದರೆ ಕೇಳಿ ಹಾಕಿಸಿ. ಸಾಮಾನ್ಯ ಲ್ಯಾಬ್‌ಗಳು ಬಣ್ಣದ ಫೋಟೊ ಪೇಪರ್ ಮೇಲೆ ಹಾಕುತ್ತವೆ. ಅಲ್ಲೂ ಬೂದು ಮೂಡುವುದು ಮೂರು ಬಣ್ಣಗಳಿಂದಲೇ. ಹಾಗಾಗಿ ಅದೇ ಛಾಯೆಯ ತೊಂದರೆ. ದೊಡ್ಡ ಪಿಗ್ಮೆಂಟ್ ಪ್ರಿಂಟರ್ ಇರುವ ಕಡೆ ಹೋದರೆ ನಿಮ್ಮ ಟೆಸ್ಟ್ ಪಟ್ಟಿಯನ್ನೂ ತಗೊಂಡು ಹೋಗಿ ತೋರಿಸಿ.

ಡಾರ್ಕ್‌ರೂಮ್ ಪ್ರಿಂಟ್‌ಗೆ ಇದು ಸಮವಾ?

ಬೇರೆಯದು, ಕಡಿಮೆಯದಲ್ಲ. ಬೆಂಗಳೂರಿನ ವನ್ಯಜೀವಿ ಛಾಯಾಗ್ರಾಹಕರಾದ ಇ. ಹನುಮಂತ ರಾವ್, ಟಿ. ಎನ್. ಎ. ಪೆರುಮಾಳ್ ಅಂಥವರ ಕಾಲದ ಕಪ್ಪು-ಬಿಳುಪು ಪ್ರಿಂಟ್‌ಗಳನ್ನು ಎಲ್ಲಾದರೂ ಪ್ರದರ್ಶನದಲ್ಲಿ ಕಂಡರೆ ಹತ್ತಿರ ಹೋಗಿ ನೋಡಿ. ಹಕ್ಕಿಯ ಗರಿಯ ಬಿಳಿಯಲ್ಲೂ ಗೆರೆಗಳು ಉಳಿದಿರುತ್ತವೆಯೇ, ಪೊದೆಯ ಕತ್ತಲಲ್ಲೂ ಎಲೆಗಳಿವೆಯೇ ಎಂದು ಗಮನಿಸಿ. ಬ್ಯಾರೈಟಾ ಪೇಪರ್ ಮತ್ತು ಪಿಗ್ಮೆಂಟ್ ಇಂಕ್‌ನಲ್ಲಿ ಇವತ್ತು ಅಷ್ಟನ್ನೂ ತರಬಹುದು. ಮ್ಯಾಟ್ ಹತ್ತಿ ಪೇಪರ್‌ನ ಮೆದು ಚೆಲುವಂತೂ ಇಂಕ್‌ಜೆಟ್‌ನದೇ ಸ್ವಂತ.

ಪ್ರಿಂಟ್ ಬಂತು. ತಕ್ಷಣ ಫ್ರೇಮ್ ಹಾಕಬಹುದಾ?

ಒಂದು ದಿನ ಕಾಯಿರಿ. ಮುಟ್ಟಿದರೆ ಒಣಗಿದಂತೆ ಕಂಡರೂ ಇಂಕ್‌ನ ದ್ರವ ಇನ್ನೂ ಆವಿಯಾಗುತ್ತಿರುತ್ತದೆ. ತಕ್ಷಣ ಗಾಜು ಹಾಕಿದರೆ ಒಳಗಡೆ ಮಂಜು ಕಟ್ಟುತ್ತದೆ. ಪ್ರಿಂಟ್ ಮೇಲೆ ಸಾದಾ ಬಿಳಿ ಹಾಳೆ ಮುಚ್ಚಿ ರಾತ್ರಿಯಿಡೀ ಬಿಟ್ಟರೆ ಅದು ಆ ತೇವ ಹೀರುತ್ತದೆ. ಫ್ರೇಮ್ ಅಂಗಡಿಯವರಿಗೆ ಮೂರು ಮಾತು ಹೇಳಿ: ಲ್ಯಾಮಿನೇಶನ್ ಬೇಡ, ಹಿಂದೆ ಫೆವಿಕಾಲ್ ಬಳಿಯಬೇಡಿ, ಆಮ್ಲ ಇಲ್ಲದ ಮೌಂಟ್ ಬೋರ್ಡ್ ಹಾಕಿ. ಮೌಂಟ್ ಬೋರ್ಡ್‌ನ ಕಿಟಕಿಯಿಂದಾಗಿ ಪ್ರಿಂಟ್ ಗಾಜಿಗೆ ತಾಗದೆ ಉಳಿಯುತ್ತದೆ. ತೇವದ ಊರಿನಲ್ಲಿ ಫ್ರೇಮ್‌ನ ಹಿಂದಿನ ಕೆಳಗಿನ ಎರಡು ಮೂಲೆಗೆ ಸಣ್ಣ ರಬ್ಬರ್ ಗುಂಡಿ ಅಂಟಿಸಿ, ಗೋಡೆಗೂ ಫ್ರೇಮ್‌ಗೂ ನಡುವೆ ಗಾಳಿಯಾಡಲಿ. ತೂಗುಹಾಕುವ ಮುಂಚೆ ಪ್ರಿಂಟ್‌ನ ಹಿಂದೆ ಮೆದು ಪೆನ್ಸಿಲ್‌ನಲ್ಲಿ ಯಾರು, ಎಲ್ಲಿ, ಯಾವ ವರ್ಷ, ಯಾವ ಪೇಪರ್, ಯಾವ ಇಂಕ್ ಎಂದು ಬರೆಯಿರಿ.